ಬರೆದಿಟ್ಟ ಕುಸ್ತಿಗೆ ಸಾವಿರಾರು ಕೋಟಿ: ಟಿವಿಯವರು ಕೊಳ್ಳುತ್ತಿರುವುದು ಏನನ್ನು?

ಕಲಬುರಗಿಯ ಹಳೇ ಊರಿನಲ್ಲಿ ನಮ್ಮ ಓಣಿಯ ತುದಿಗೆ ಒಂದು ತಾಲೀಮು ಇದೆ. ಬಾಗಿಲು ದಾಟಿದ ಕೂಡಲೇ ಎಣ್ಣೆ, ಅರಿಶಿನ, ಮಜ್ಜಿಗೆ ಕಲಸಿದ ಕೆಂಪು ಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಗೋಡೆಯ ಮೇಲೆ ಹನುಮಂತನ ಫೋಟೊ, ಮೊಳೆಗೆ ತೂಗುಬಿಟ್ಟ ನಾಲ್ಕೈದು ಲಂಗೋಟಿ. ಒಂದು ಕಾಲದಲ್ಲಿ ಬೆಳಿಗ್ಗೆ ಮೂವತ್ತು ನಲವತ್ತು ಹುಡುಗರು ಬರುತ್ತಿದ್ದ ಜಾಗ. ಈಗ ಏಳೆಂಟು ಮಂದಿ. ಸಾಮು ಮುಗಿಸಿ ಕಟ್ಟೆಯ ಮೇಲೆ ಕೂತ ಅವರಲ್ಲೊಬ್ಬ ಮೊಬೈಲಿನಲ್ಲಿ ಅಮೆರಿಕದ ಕುಸ್ತಿ ಹಚ್ಚಿ ಉಸ್ತಾದರಿಗೆ ತೋರಿಸುತ್ತಿದ್ದ.

"ಉಸ್ತಾದ್, ಇದಕ್ಕ ನೆಟ್‌ಫ್ಲಿಕ್ಸ್‌ನವರು ಎಷ್ಟು ರೊಕ್ಕ ಕೊಟ್ಟಾರ ಗೊತ್ತದೇನ್ರಿ? ಐನೂರು ಕೋಟಿ ಡಾಲರ್."

"ನಮ್ಮ ರೂಪಾಯಿದಾಗ ಹೇಳೋ."

"ನಲವತ್ತು ಸಾವಿರ ಕೋಟಿ ಮ್ಯಾಲೆ ಆಗ್ತದ್ರಿ."

ಉಸ್ತಾದರು ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದರು. "ನೀವು ಪೇಪರ್‌ದಾಗ ಬರೆಯೋರು, ನೀವೇ ಹೇಳ್ರಿ. ಯಾರು ಬೀಳ್ತಾನ, ಯಾರು ಗೆಲ್ತಾನ ಅಂತ ಮೊದಲೇ ಬರದಿಟ್ಟ ಕುಸ್ತಿ ಅದು. ಖರೇ ಕುಸ್ತಿ ಅಲ್ಲ. ಅದಕ್ಕ್ಯಾಕ ಅಷ್ಟು ರೊಕ್ಕ?"

ಅವತ್ತು ಅಲ್ಲೇ ಒಂದೆರಡು ಮಾತು ಹೇಳಿದೆ. ಅವರಿಗೂ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಅವರು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಟಿವಿ ಎನ್ನುವ ವ್ಯಾಪಾರ ಈಗ ಯಾವ ಸ್ಥಿತಿಯಲ್ಲಿದೆ ಎಂಬುದೆಲ್ಲ ಅದರೊಳಗೇ ಇದೆ.

ಮೊದಲು ಹುಡುಗ ಹೇಳಿದ ಲೆಕ್ಕ ನೋಡೋಣ. ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇ ಸೋಮವಾರ ರಾತ್ರಿ ನಡೆಸುವ 'ರಾ' ಕಾರ್ಯಕ್ರಮಕ್ಕಾಗಿ ನೆಟ್‌ಫ್ಲಿಕ್ಸ್ 2024ರ ಜನವರಿಯಲ್ಲಿ 10 ವರ್ಷಗಳ ಒಪ್ಪಂದ ಪ್ರಕಟಿಸಿತು. ಮೊತ್ತ 500 ಕೋಟಿ ಡಾಲರ್‌ಗೂ ಮೇಲೆ. ಪ್ರಸಾರ ಶುರುವಾದದ್ದು 2025ರ ಜನವರಿ 6ಕ್ಕೆ. ಅಮೆರಿಕದ ಹೊರಗೆ ಬಹಳ ದೇಶಗಳಲ್ಲಿ 'ರಾ' ಜೊತೆಗೆ ಅದೇ ಕಂಪನಿಯ ಬೇರೆ ವಾರದ ಕಾರ್ಯಕ್ರಮಗಳಾದ 'ಸ್ಮ್ಯಾಕ್‌ಡೌನ್', 'ಎನ್‌ಎಕ್ಸ್‌ಟಿ', ತಿಂಗಳಿಗೊಮ್ಮೆ ನಡೆಯುವ ದೊಡ್ಡ ಪಂದ್ಯಗಳೂ ಅದೇ ಒಪ್ಪಂದದಲ್ಲಿ ಬರುತ್ತವೆ. ನಮಗೆ ಗೊತ್ತಿರುವ ಅಳತೆಯಲ್ಲಿ ಹೇಳಬೇಕೆಂದರೆ, ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು ₹48,390 ಕೋಟಿಗೆ ಹೋಯಿತು. ಐಪಿಎಲ್ ಹಿಂದೆ ನೂರಾ ನಲವತ್ತು ಕೋಟಿ ಜನರ ದೇಶದ ಕ್ರಿಕೆಟ್ ಹುಚ್ಚಿದೆ. ಈ ಕುಸ್ತಿಯ ಹಿಂದೆ ಅಂಥ ಜನಬಲ ಇಲ್ಲ.

ಜನಬಲ ಇಲ್ಲದ್ದಷ್ಟೇ ಅಲ್ಲ, ಇದ್ದದ್ದೂ ಕರಗಿದೆ. 1999ರ ಮೇ ತಿಂಗಳ ಒಂದು ಸೋಮವಾರ 'ರಾ' 8.1 ರೇಟಿಂಗ್ ಮುಟ್ಟಿತ್ತು, ಅಂದರೆ ಆ ಚಾನೆಲ್ ಬರುವ ನೂರು ಮನೆಗಳಲ್ಲಿ ಸುಮಾರು ಎಂಟು ಅದನ್ನೇ ನೋಡುತ್ತಿದ್ದವು. ಅದೇ ಅದರ ಶಿಖರ. 2023ರ ಹೊತ್ತಿಗೆ ಅಮೆರಿಕದ ಕೇಬಲ್‌ನಲ್ಲಿ ಅದನ್ನು ನೋಡುತ್ತಿದ್ದವರ ಸರಾಸರಿ 20 ಲಕ್ಷಕ್ಕಿಂತ ಕಡಿಮೆ. ನೋಡುವವರು ಇಳಿದರು, ಬೆಲೆ ಏರಿತು. 'ಸ್ಮ್ಯಾಕ್‌ಡೌನ್' ಲೆಕ್ಕವೂ ಹೀಗೇ. 2019ರಿಂದ ಫಾಕ್ಸ್ ಅದಕ್ಕೆ ವರ್ಷಕ್ಕೆ 20.5 ಕೋಟಿ ಡಾಲರ್ ಕೊಟ್ಟಿತು. 2024ರ ಸೆಪ್ಟೆಂಬರಿನಿಂದ ಯುಎಸ್‌ಎ ನೆಟ್‌ವರ್ಕ್ ಎಂಬ ಕೇಬಲ್ ಚಾನೆಲ್ ಐದು ವರ್ಷಕ್ಕೆ ಸುಮಾರು 140 ಕೋಟಿ ಡಾಲರಿಗೆ ತೆಗೆದುಕೊಂಡಿತು, ಅಂದರೆ ವರ್ಷಕ್ಕೆ 28 ಕೋಟಿ ಸಮೀಪ. ದೊಡ್ಡ ಪಂದ್ಯಗಳನ್ನು 2021ರಲ್ಲಿ ಪೀಕಾಕ್ ಎಂಬ ಸ್ಟ್ರೀಮಿಂಗ್ ಆ್ಯಪ್ ಐದು ವರ್ಷಕ್ಕೆ 100 ಕೋಟಿ ಡಾಲರ್ ಚಿಲ್ಲರೆಗೆ ಹಿಡಿದಿತ್ತು. 2025ರ ಆಗಸ್ಟಿನಲ್ಲಿ ಇಎಸ್‌ಪಿಎನ್ ಅವಕ್ಕೇ ಐದು ವರ್ಷಕ್ಕೆ 160 ಕೋಟಿ ಡಾಲರ್ ಒಪ್ಪಿಕೊಂಡಿತು.

ಬೇಸಿಗೆಯಲ್ಲಿ ಊರಿನ ಬಾವಿಗಳೆಲ್ಲ ಬತ್ತಿ ಒಂದರಲ್ಲಿ ಮೊಣಕಾಲುದ್ದ ನೀರು ಉಳಿದರೆ ಕೊಡಗಳ ಸಾಲು ನಿಲ್ಲುವುದು ಅದರ ಮುಂದೆಯೇ. ಆ ಬಾವಿಯಲ್ಲಿ ಹತ್ತು ವರ್ಷದ ಹಿಂದೆ ಎಷ್ಟು ನೀರಿತ್ತು ಎಂದು ಆಗ ಯಾರೂ ಕೇಳುವುದಿಲ್ಲ. 'ರಾ' ನೋಡುಗರನ್ನು ಕಳೆದುಕೊಂಡದ್ದು ನಿಜ. ಆದರೆ ಟಿವಿಯ ಉಳಿದ ಕಾರ್ಯಕ್ರಮಗಳು ಅದಕ್ಕಿಂತ ಬೇಗ ಕಳೆದುಕೊಂಡವು. ಧಾರಾವಾಹಿ, ಹಾಸ್ಯ, ಸಿನಿಮಾ ಎಲ್ಲ ಯಾವಾಗ ಬೇಕಾದರೂ ನೋಡುವ ವಸ್ತುಗಳಾದವು. ಹೇಳಿದ ಹೊತ್ತಿಗೆ ಜನ ಬಂದು ಕೂರುವ ಕಾರ್ಯಕ್ರಮಗಳು ಬೆರಳೆಣಿಕೆಯಷ್ಟು ಉಳಿದವು. ಕುಸ್ತಿ ಅವುಗಳಲ್ಲೊಂದು.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. 2019ರಲ್ಲಿ ಕೇಬಲ್ ದರ ನಿಯಂತ್ರಿಸುವ ಪ್ರಾಧಿಕಾರ ಟ್ರಾಯ್ ಹೊಸ ದರಪಟ್ಟಿ ತಂದಾಗ ನಾನು ಕೇಬಲ್ ವ್ಯವಹಾರದ ಗೆಳೆಯನ ಜೊತೆ ಕೆಲವು ತಿಂಗಳು ವಸೂಲಿಗೆ ತಿರುಗುತ್ತಿದ್ದೆ. ನೂರು ಚಾನೆಲ್‌ಗೆ ₹130 ಮತ್ತು ತೆರಿಗೆ, ಮೇಲಿನದನ್ನು ಮನೆಯವರೇ ಆರಿಸಿಕೊಂಡು ಅದಕ್ಕೆ ಬೇರೆ ದುಡ್ಡು ಕೊಡಬೇಕು ಎಂಬ ನಿಯಮ. ಮನೆಮನೆಗೆ ಹೋಗಿ ಚೀಟಿ ಹಿಡಿದು ಕೇಳುತ್ತಿದ್ದೆವು, ಯಾವುದು ಬೇಕು, ಯಾವುದು ಬೇಡ. ಎಂ.ಎಸ್.ಕೆ. ಮಿಲ್ ಹತ್ತಿರದ ಒಂದು ಮನೆಯಲ್ಲಿ ಸೊಸೆ ಒಂದೊಂದೇ ಹೆಸರು ಹೊಡೆದುಹಾಕಿಸುತ್ತ ಬಂದಳು. ಸಿನಿಮಾ ಚಾನೆಲ್ ಬೇಡ, ಇಂಗ್ಲಿಷ್ ಸುದ್ದಿ ಬೇಡ, ಅಡುಗೆ ಚಾನೆಲ್ ಬೇಡ. ಕ್ರೀಡೆ ಚಾನೆಲ್‌ಗಳ ಸಾಲು ಬಂದಾಗ ಒಳಗಿನಿಂದ ಅಜ್ಜನ ದನಿ ಕೇಳಿಸಿತು: "ತಮ್ಮಾ, ಕುಸ್ತಿ ಬರೋ ಚಾನೆಲ್ ತಗದ್ರ ನಿನ್ನ ಡಬ್ಬಿನೂ ತಗೊಂಡು ಹೋಗು."

ಟಿವಿಯ ಹಣದ ಗುಟ್ಟು ಆ ಒಂದು ಮಾತಿನಲ್ಲಿದೆ. ಆ ಮನೆಯವರು ತಿಂಗಳಿಗೆ ಕೊಡುವ ಇನ್ನೂರೋ ಮುನ್ನೂರೋ ರೂಪಾಯಿ ನಿಂತದ್ದು ಅಜ್ಜನ ಕುಸ್ತಿಯ ಮೇಲೆ. ಉಳಿದ ತೊಂಬತ್ತು ಚಾನೆಲ್ ಅದರ ಬೆನ್ನ ಹಿಂದೆ ಬಂದಂಥವು.

ಅಮೆರಿಕದಲ್ಲಿ ಇದೇ ಲೆಕ್ಕ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಅಲ್ಲಿ ಕೇಬಲ್ ಕಂಪನಿ ಪ್ರತಿ ಚಾನೆಲ್‌ಗೂ ಮನೆಗೆ ಇಷ್ಟು ಎಂದು ತಿಂಗಳು ತಿಂಗಳು ಕೊಡುತ್ತದೆ. ಆ ಮನೆಯಲ್ಲಿ ಚಾನೆಲ್ ನೋಡಲಿ ಬಿಡಲಿ, ದುಡ್ಡು ಬರುತ್ತದೆ. 2010ರ ಸುಮಾರಿಗೆ ಸುಮಾರು 10 ಕೋಟಿ ಮನೆಗಳು ಹೀಗೆ ಕೊಡುತ್ತಿದ್ದವು. ಆಮೇಲೆ ಜನ ತಂತಿ ಕಿತ್ತುಹಾಕತೊಡಗಿದರು. ಒಪ್ಪಂದ ಮುಗಿದಾಗ ಕೇಬಲ್ ಕಂಪನಿ ಚಾನೆಲ್‌ನವರನ್ನು ಕೂರಿಸಿಕೊಂಡು ಕೇಳುವುದು ಒಂದೇ ಪ್ರಶ್ನೆ: ನಿಮ್ಮನ್ನು ತೆಗೆದುಹಾಕಿದರೆ ನಮ್ಮ ಗಿರಾಕಿ ಗಲಾಟೆ ಮಾಡುತ್ತಾನೋ ಇಲ್ಲವೋ? ಹಳೇ ಧಾರಾವಾಹಿಗಳ ಮರುಪ್ರಸಾರ ತುಂಬಿಕೊಂಡ ಚಾನೆಲ್‌ಗೆ ಅಲ್ಲಿ ಉತ್ತರವಿಲ್ಲ. ವಾರಕ್ಕೊಂದು ರಾತ್ರಿಯಾದರೂ ಗಲಾಟೆ ಮಾಡುವ ಹತ್ತಿಪ್ಪತ್ತು ಲಕ್ಷ ಜನ ಇರುವ ಚಾನೆಲ್‌ಗೆ ಇದೆ. ಯುಎಸ್‌ಎ ನೆಟ್‌ವರ್ಕ್ ಕುಸ್ತಿಗೆ ಕೊಡುವ ದುಡ್ಡನ್ನು ಜಾಹೀರಾತಿನ ಆದಾಯಕ್ಕೆ ಮಾತ್ರ ಹೋಲಿಸಿದರೆ ನಷ್ಟದ ಹಾಗೆ ಕಾಣುತ್ತದೆ. ಇಡೀ ಚಾನೆಲ್‌ಗೆ ಬರುವ ಮನೆಗಟ್ಟಲೆ ಶುಲ್ಕವನ್ನು ಉಳಿಸಿಕೊಳ್ಳುವ ಖರ್ಚು ಎಂದು ನೋಡಿದರೆ ಲೆಕ್ಕ ಸರಿಹೋಗುತ್ತದೆ.

ನೆಟ್‌ಫ್ಲಿಕ್ಸ್‌ಗೆ ಕೇಬಲ್ ಕಂಪನಿಗಳ ಗೋಜು ಇಲ್ಲ. ಅದರ ಚಿಂತೆ ಬೇರೆ. ಗಿರಾಕಿ ಒಂದು ತಿಂಗಳ ಚಂದಾ ಕಟ್ಟಿ, ಬೇಕಾದ ಸರಣಿಯನ್ನು ನಾಲ್ಕು ರಾತ್ರಿಯಲ್ಲಿ ನೋಡಿ ಮುಗಿಸಿ, ಚಂದಾ ನಿಲ್ಲಿಸಿ ಹೋಗುತ್ತಾನೆ. ಅವನನ್ನು ಹಿಡಿದಿಡುವುದಕ್ಕೆ ಮತ್ತೊಂದು ಸರಣಿ ಮಾಡಬೇಕು, ಅದು ಗೆಲ್ಲಬೇಕು, ಅದೂ ನಾಲ್ಕು ರಾತ್ರಿಯಲ್ಲಿ ಮುಗಿಯುತ್ತದೆ. ಕುಸ್ತಿ ಮುಗಿಯುವುದೇ ಇಲ್ಲ. 'ರಾ' 1993ರ ಜನವರಿಯಲ್ಲಿ ಶುರುವಾದಂದಿನಿಂದ ಹೆಚ್ಚುಕಡಿಮೆ ವರ್ಷದ 52 ವಾರವೂ ನಡೆದಿದೆ. ಐಪಿಎಲ್ ಎರಡು ತಿಂಗಳು, ಅಮೆರಿಕದ ಫುಟ್‌ಬಾಲ್ ಐದು ತಿಂಗಳು. ಉಳಿದ ತಿಂಗಳು ಗಿರಾಕಿ ಯಾಕೆ ಇರಬೇಕು? ಕುಸ್ತಿಗೆ ರಜೆಯ ತಿಂಗಳೇ ಇಲ್ಲ, ಇವತ್ತು ಬೆನ್ನಿಗೆ ಚೂರಿ ಹಾಕಿದ ಗೆಳೆಯನಿಗೆ ಮುಂದಿನ ಸೋಮವಾರ ಉತ್ತರ ಸಿಗಬೇಕು. ಇದರ ಜೊತೆಗೆ 2022ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಜಾಹೀರಾತು ಸಹಿತದ ಅಗ್ಗದ ಚಂದಾ ಶುರುಮಾಡಿತ್ತು. ಜಾಹೀರಾತು ಮಾರಬೇಕಾದರೆ ಇಂಥ ದಿನ ಇಂಥ ಹೊತ್ತಿಗೆ ಇಷ್ಟು ಜನ ಒಟ್ಟಿಗೆ ಕೂತಿರುತ್ತಾರೆ ಎಂದು ಹೇಳುವ ಹಾಗಿರಬೇಕು. ಅದು ನೇರಪ್ರಸಾರದಿಂದ ಮಾತ್ರ ಸಾಧ್ಯ.

ಜಾಹೀರಾತಿನ ವಿಷಯದಲ್ಲಿ ಒಂದು ತೊಡಕೂ ಇದೆ, ಮುಚ್ಚಿಡುವುದು ಸರಿಯಲ್ಲ. ಕುಸ್ತಿ ನೋಡುವವರ ಸಂಖ್ಯೆಗೆ ತಕ್ಕ ಬೆಲೆಯನ್ನು ಜಾಹೀರಾತುದಾರರು ಯಾವತ್ತೂ ಕೊಟ್ಟಿಲ್ಲ. ರಕ್ತ, ಬೈಗುಳ, ಕುರ್ಚಿಯ ಹೊಡೆತ ಇರುವ ಕಾರ್ಯಕ್ರಮದ ಪಕ್ಕ ತಮ್ಮ ಹೆಸರು ಬೇಡ ಎನ್ನುವ ಕಂಪನಿಗಳು ಹಿಂದಿನಿಂದಲೂ ಇವೆ. ಐದು ವರ್ಷ ನಡೆಸಿದ ಫಾಕ್ಸ್ ಒಪ್ಪಂದವನ್ನು ಮುಂದುವರಿಸಲಿಲ್ಲ. ಬೆಲೆ ಏರಿದ್ದು ಎಲ್ಲರೂ ಮುಗಿಬಿದ್ದದ್ದರಿಂದಲ್ಲ, ಒಬ್ಬ ಬಿಟ್ಟಾಗ ಹಿಡಿಯುವುದಕ್ಕೆ ಇನ್ನೊಬ್ಬ ಸಿದ್ಧನಿದ್ದದ್ದರಿಂದ.

ಈಗ ಉಸ್ತಾದರ ಪ್ರಶ್ನೆಯ ಹೃದಯಕ್ಕೆ ಬರುತ್ತೇನೆ. ಬರೆದಿಟ್ಟ ಕುಸ್ತಿ ಎಂಬುದನ್ನು ಅವರು ಕೊರತೆ ಎಂದು ಎಣಿಸಿದ್ದರು. ಪೈಲ್ವಾನರ ಕಣ್ಣಲ್ಲಿ ಅದು ಕೊರತೆಯೇ. ದುಡ್ಡು ಹಾಕುವವನ ಕಣ್ಣಲ್ಲಿ ಅದೇ ದೊಡ್ಡ ಗುಣ.

2007ರ ಮಾರ್ಚ್ ನೆನಪು ಮಾಡಿಕೊಳ್ಳಿ. ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್. ಭಾರತ ಮೊದಲು ಬಾಂಗ್ಲಾದೇಶಕ್ಕೆ, ಆಮೇಲೆ ಶ್ರೀಲಂಕಾಕ್ಕೆ ಸೋತು ಮೊದಲ ಸುತ್ತಿನಲ್ಲೇ ಮನೆಗೆ ಬಂತು. ಇಲ್ಲಿ ಸೂಪರ್ ಮಾರ್ಕೆಟ್‌ನ ಟಿವಿ ಅಂಗಡಿಗಳ ಮುಂದೆ ನೆರೆಯುತ್ತಿದ್ದ ಗುಂಪು ಒಂದೇ ವಾರದಲ್ಲಿ ಮಾಯವಾದದ್ದು ನನಗೆ ಚೆನ್ನಾಗಿ ನೆನಪಿದೆ. ಇನ್ನೂ ಒಂದು ತಿಂಗಳ ಪಂದ್ಯಾವಳಿ ಬಾಕಿ, ಹಕ್ಕು ಕೊಂಡವರು ಕೈಕಟ್ಟಿ ಕೂರಬೇಕಾಯಿತು. ಅದೇ ವರ್ಷ ಜುಲೈನಲ್ಲಿ ಡಬ್ಲ್ಯುಡಬ್ಲ್ಯುಇ ಹಿಮಾಚಲದ ದಲೀಪ್ ಸಿಂಗ್ ರಾಣಾ, ಅಂದರೆ ನಮ್ಮೆಲ್ಲರ 'ಗ್ರೇಟ್ ಖಲಿ'ಯ ಹೆಗಲ ಮೇಲೆ ವಿಶ್ವ ಹೆವಿವೇಟ್ ಪಟ್ಟ ಇಟ್ಟಿತು. ನಮ್ಮ ಶಾಲೆಯ ಹುಡುಗರು ಎತ್ತರ, ತೂಕ, ತೋಳಿನ ಅಳತೆ ಅಚ್ಚಾದ ಟ್ರಂಪ್ ಕಾರ್ಡ್ ಕಟ್ಟಿನಲ್ಲಿ ಖಲಿಯ ಕಾರ್ಡ್ ಕೈಗೆ ಬಂದರೆ ಆಟ ಗೆದ್ದ ಹಾಗೆ ಕುಣಿಯುತ್ತಿದ್ದರು. ಕ್ರಿಕೆಟ್ ಮಂಡಳಿಗೆ ಭಾರತವನ್ನು ಗೆಲ್ಲಿಸುವ ಶಕ್ತಿಯಿಲ್ಲ. ಕುಸ್ತಿ ಕಂಪನಿಗೆ ಯಾವ ದೇಶದಲ್ಲಿ ಯಾವಾಗ ಯಾರನ್ನು ಗೆಲ್ಲಿಸಬೇಕು ಎಂದು ಕೂತು ಯೋಚಿಸುವ ಅವಕಾಶ ಇದೆ. ಮುಖ್ಯ ಪೈಲ್ವಾನ ಎರಡೇ ನಿಮಿಷಕ್ಕೆ ಚಿತ್ ಆಗಿ ಜನ ಎದ್ದು ಹೋಗುವ ಭಯ ಇಲ್ಲ, ಮಳೆಗೆ ಆಟ ನಿಲ್ಲುವ ಭಯ ಇಲ್ಲ, ಕಾರ್ಯಕ್ರಮ ಹೇಳಿದ ನಿಮಿಷಕ್ಕೆ ಮುಗಿಯುತ್ತದೆ.

ಇದರ ಪರೀಕ್ಷೆ 2020ರಲ್ಲಿ ಆಯಿತು. ಕೊರೊನಾ ಬಂದು ಜಗತ್ತಿನ ಕ್ರೀಡೆಯೆಲ್ಲ ನಿಂತ ಮಾರ್ಚ್‌ನಲ್ಲೂ ಡಬ್ಲ್ಯುಡಬ್ಲ್ಯುಇ ನಿಲ್ಲಲಿಲ್ಲ. ಫ್ಲಾರಿಡಾದ ಒರ್ಲಾಂಡೊದಲ್ಲಿರುವ ತನ್ನ ತರಬೇತಿ ಕೇಂದ್ರದಲ್ಲಿ ಒಬ್ಬ ಪ್ರೇಕ್ಷಕನೂ ಇಲ್ಲದೆ ವಾರ ವಾರ ಕಾರ್ಯಕ್ರಮ ಮಾಡಿತು. ಖಾಲಿ ಕುರ್ಚಿಗಳ ಮುಂದೆ ಕೈಯೆತ್ತಿ ನಿಂತ ಪೈಲ್ವಾನರನ್ನು ನೋಡುವುದು ಸಂಕಟದ ಸಂಗತಿಯಾಗಿತ್ತು. ಆ ಏಪ್ರಿಲ್‌ನಲ್ಲಿ ಫ್ಲಾರಿಡಾ ರಾಜ್ಯ ಅದನ್ನು ಅಗತ್ಯ ಸೇವೆಗಳ ಪಟ್ಟಿಗೇ ಸೇರಿಸಿತು. ಟಿಕೆಟ್ ಮಾರಾಟ ಬಹುಪಾಲು ನಿಂತುಹೋದ ಆ ವರ್ಷ ಕಂಪನಿಯ ಆದಾಯ 97.4 ಕೋಟಿ ಡಾಲರ್, ಅದರ ಹಿಂದಿನ ವರ್ಷಕ್ಕಿಂತ ಹೆಚ್ಚು. ಕುಸ್ತಿಯ ದುಡ್ಡು ಕಣದ ಸುತ್ತ ಕೂತವರಿಂದ ಬರುತ್ತಿಲ್ಲ, ಪರದೆಯಿಂದ ಬರುತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅತ್ತ ಐಪಿಎಲ್ 2021ರ ಮೇ ತಿಂಗಳಲ್ಲಿ ಅರ್ಧಕ್ಕೆ ನಿಂತು ಸೆಪ್ಟೆಂಬರ್‌ನಲ್ಲಿ ಅರಬ್ ನಾಡಿಗೆ ಹೋಗಿ ಮುಗಿಯಬೇಕಾಯಿತು.

ಬರೆದಿಟ್ಟದ್ದು ಎಂಬುದನ್ನು ಕಂಪನಿ ತಾನೇ ಬಾಯಿಬಿಟ್ಟು ಹೇಳಿದ್ದೂ ದುಡ್ಡಿನ ಕಾರಣಕ್ಕೇ. ಕ್ರೀಡೆ ಎಂದರೆ ಸರ್ಕಾರದ ಕ್ರೀಡಾ ಆಯೋಗದ ಲೈಸೆನ್ಸು, ಶುಲ್ಕ, ತೆರಿಗೆ ಎಲ್ಲ ಬರುತ್ತಿದ್ದವು. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಕಂಪನಿ ಹೇಳಿಕೊಂಡಿತು.

ಬೆಲೆ ಏರುವುದಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ಕಲಬುರಗಿಯವರಿಗೆ ವಿವರಿಸುವುದು ಸುಲಭ, ಯಾಕೆಂದರೆ ಅದರ ತಿರುವುಮುರುವನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಾಳಿನ ಮಾರುಕಟ್ಟೆ ನೆಹರು ಗಂಜ್‌ಗೆ ಹೋಗಿ. ತೊಗರಿ ಚೀಲ ಹೇರಿದ ಟ್ರ್ಯಾಕ್ಟರುಗಳು ರಸ್ತೆಯವರೆಗೆ ನಿಂತಿರುತ್ತವೆ. ಆಳಂದ, ಅಫಜಲಪುರ, ಚಿತ್ತಾಪುರ, ಸೇಡಂ ಎಲ್ಲ ಕಡೆಯಿಂದ ಬಂದ ಸಾವಿರಾರು ರೈತರು, ಕೊಳ್ಳುವ ಕೈಗಳು ಕೆಲವೇ. ಖರೀದಿದಾರ ಚೀಲಕ್ಕೆ ಕೈಹಾಕಿ ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಉರುಳಿಸಿ ನೋಡುತ್ತಾನೆ, ಹಸಿ ಇದೆ ಎನ್ನುತ್ತಾನೆ, ಸಣ್ಣ ಕಾಳು ಎನ್ನುತ್ತಾನೆ, ರೈತ ತಲೆ ತಗ್ಗಿಸಿ ನಿಲ್ಲುತ್ತಾನೆ. ಈ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ರುಚಿಯಲ್ಲಿ ದೇಶಕ್ಕೇ ಹೆಸರು. ಆದರೂ ದರ ಹೇಳುವವನು ರೈತನಲ್ಲ. ಮಾರುವವರು ಸಾವಿರ, ಕೊಳ್ಳುವವರು ಹತ್ತು.

ಅಮೆರಿಕದ ಕುಸ್ತಿಯ ಗಂಜ್ ಇದಕ್ಕೆ ತಲೆಕೆಳಗು. ಅಲ್ಲಿ ಮಾರುವವನು ಒಬ್ಬನೇ, ಹೆಚ್ಚೆಂದರೆ ಒಂದೂವರೆ. ಕೊಳ್ಳುವುದಕ್ಕೆ ನೆಟ್‌ಫ್ಲಿಕ್ಸ್, ಎನ್‌ಬಿಸಿ, ಡಿಸ್ನಿ, ವಾರ್ನರ್, ಅಮೆಜಾನ್‌ನಂಥ ಕಂಪನಿಗಳ ಸಾಲು. ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಲೀಗ್‌ಗಳಲ್ಲಿ ತಂಡದ ಒಡೆಯರು ಇರುತ್ತಾರೆ, ಆಟಗಾರರ ಸಂಘ ಇರುತ್ತದೆ, ಎಲ್ಲರ ಪಾಲೂ ಹೋಗಬೇಕು. ಇಲ್ಲಿ ಕಣ ಕಂಪನಿಯದು, ಕಥೆ ಕಂಪನಿಯದು, ಪೈಲ್ವಾನರ ಹೆಸರುಗಳು ಬಹುಪಾಲು ಕಂಪನಿಯವು, ಹಳೇ ಪಂದ್ಯಗಳ ದಾಖಲೆಯೆಲ್ಲ ಕಂಪನಿಯದು. ಒಂದೇ ಹೊಲದ ಬೆಳೆಯನ್ನು ನಾಲ್ಕು ರಾಶಿ ಮಾಡಿ ನಾಲ್ಕು ಅಡತಿಗೆ ಕೊಟ್ಟ ಹಾಗೆ 'ರಾ' ಒಬ್ಬರಿಗೆ, 'ಸ್ಮ್ಯಾಕ್‌ಡೌನ್' ಇನ್ನೊಬ್ಬರಿಗೆ, 'ಎನ್‌ಎಕ್ಸ್‌ಟಿ' ಮತ್ತೊಬ್ಬರಿಗೆ, ದೊಡ್ಡ ಪಂದ್ಯಗಳು ಮಗುದೊಬ್ಬರಿಗೆ ಮಾರಿದ್ದು ಇದೇ ಬಲದ ಮೇಲೆ. 2023ರ ಸೆಪ್ಟೆಂಬರಿನಲ್ಲಿ ಈ ಕಂಪನಿ ಮಿಶ್ರ ಸಮರಕಲೆಯ ಪಂದ್ಯ ನಡೆಸುವ ಯುಎಫ್‌ಸಿ ಜೊತೆ ಸೇರಿ ಟಿಕೆಓ ಎಂಬ ಒಂದೇ ಹೆಸರಿನ ಕೆಳಗೆ ಬಂತು. ಚೌಕಾಸಿಗೆ ಕೂರುವ ಕೈ ಇನ್ನಷ್ಟು ಗಟ್ಟಿಯಾಯಿತು.

ಮಾರುವವನು ಹೀಗೆ ಒಬ್ಬನೇ ಉಳಿದದ್ದು ಹೇಗೆ ಎಂಬ ಕಥೆಯಲ್ಲೂ ಟಿವಿಯೇ ಮುಖ್ಯ ಪಾತ್ರ. 1995ರಿಂದ ಡಬ್ಲ್ಯುಸಿಡಬ್ಲ್ಯು ಎಂಬ ಎದುರಾಳಿ ಕಂಪನಿ ಅದೇ ಸೋಮವಾರ ರಾತ್ರಿ ಟರ್ನರ್ ಎಂಬ ಟಿವಿ ಕಂಪನಿಯ ಚಾನೆಲ್‌ನಲ್ಲಿ ಕುಸ್ತಿ ನಡೆಸುತ್ತಿತ್ತು. ಒಂದು ಹಂತದಲ್ಲಿ ಸತತ 83 ವಾರ ಅದೇ ಮುಂದಿತ್ತು. ಆಮೇಲೆ ಸೋಲತೊಡಗಿತು, ನಷ್ಟವಾಯಿತು. ಚಾನೆಲ್‌ನ ಒಡೆತನ ಬದಲಾಗಿ 2001ರ ಮಾರ್ಚ್‌ನಲ್ಲಿ ಹೊಸ ಮುಖ್ಯಸ್ಥರು ಕುಸ್ತಿ ನಮಗೆ ಬೇಡ ಎಂದು ಟರ್ನರ್‌ನ ಎರಡೂ ಚಾನೆಲ್‌ಗಳಿಂದ ಕಿತ್ತುಹಾಕಿದರು. ಪ್ರಸಾರದ ಹೊತ್ತು ಹೋದದ್ದೇ ಕಂಪನಿಯ ಬೆಲೆಯೂ ಹೋಯಿತು. ಡಬ್ಲ್ಯುಡಬ್ಲ್ಯುಇ ಅದರ ಹೆಸರು, ದಾಖಲೆ ಎಲ್ಲವನ್ನೂ ಕೆಲವೇ ಮಿಲಿಯನ್ ಡಾಲರಿಗೆ ಎತ್ತಿಕೊಂಡಿತು. 2001ರಲ್ಲಿ ಟಿವಿಯವರು ಕಸ ಎಂದು ಹೊರಗೆ ಹಾಕಿದ ಸರಕು ಇಪ್ಪತ್ಮೂರು ವರ್ಷಕ್ಕೆ 500 ಕೋಟಿ ಡಾಲರಿಗೆ ಹೋಯಿತು. ಕುಸ್ತಿ ಅಷ್ಟೇನೂ ಬದಲಾಗಿರಲಿಲ್ಲ, ಸುತ್ತಲಿನ ಟಿವಿ ಬದಲಾಗಿತ್ತು.

ಆ 'ಒಂದೂವರೆ'ಯಲ್ಲಿನ ಅರ್ಧ ಎಂದರೆ 2019ರಲ್ಲಿ ಶುರುವಾದ ಎಇಡಬ್ಲ್ಯು ಎಂಬ ಕುಸ್ತಿ ಕಂಪನಿ. ಅದರ ಮುಖ್ಯ ಕಾರ್ಯಕ್ರಮವನ್ನು ಮೊದಲ ರಾತ್ರಿ 14 ಲಕ್ಷ ಜನ ನೋಡಿದ್ದರು. 2024ರಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಆದರೂ ಆ ಅಕ್ಟೋಬರಿನಲ್ಲಿ ವಾರ್ನರ್ ಬ್ರದರ್ಸ್ ಡಿಸ್ಕವರಿ ಎಂಬ ಟಿವಿ ಕಂಪನಿ ಅದಕ್ಕೆ ವರ್ಷಕ್ಕೆ ಸುಮಾರು 18.5 ಕೋಟಿ ಡಾಲರ್ ಒಪ್ಪಿಕೊಂಡಿತು ಎಂದು ವರದಿಯಾಯಿತು. ಕಾರಣ ಹುಡುಕುವುದಕ್ಕೆ ಮೂರು ತಿಂಗಳು ಹಿಂದೆ ಹೋದರೆ ಸಾಕು. ಜುಲೈನಲ್ಲಿ ಎನ್‌ಬಿಎ ಬಾಸ್ಕೆಟ್‌ಬಾಲ್ ಅವರ ಕೈತಪ್ಪಿತ್ತು. ದಶಕಗಳಿಂದ ಜನರನ್ನು ಕರೆತರುತ್ತಿದ್ದ ಆಟ ಹೋದಮೇಲೆ ಕೇಬಲ್ ಕಂಪನಿಗಳ ಮುಂದೆ ಬರಿಗೈಯಲ್ಲಿ ಹೋಗಿ ಕೂರುವಂತಿರಲಿಲ್ಲ.

ಹಾಗಾದರೆ ಈ ಬೆಲೆ ಹೀಗೇ ಏರುತ್ತಾ ಹೋಗುತ್ತದೆಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ನೆಟ್‌ಫ್ಲಿಕ್ಸ್ ಒಪ್ಪಂದದಲ್ಲಿ ಐದು ವರ್ಷದ ನಂತರ ಹೊರಗೆ ಬರುವ ಅವಕಾಶ ಇದೆ. ಟಿವಿ ಕಂಪನಿಗಳು ಒಂದನ್ನೊಂದು ನುಂಗುತ್ತಿವೆ, ಇವತ್ತಿನ ಐದಾರು ಖರೀದಿದಾರರು ನಾಳೆ ಮೂವರಾದರೆ ಗಂಜ್‌ನ ಲೆಕ್ಕ ಅವರಿಗೂ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಈ ಹಣ ಕೊನೆಗೆ ಅಭಿಮಾನಿಯ ಜೇಬಿನಿಂದಲೇ ಬರಬೇಕು. 2025ರಲ್ಲಿ ಶುರುವಾದಾಗ ಇಎಸ್‌ಪಿಎನ್‌ನ ಹೊಸ ಆ್ಯಪ್‌ಗೆ ತಿಂಗಳಿಗೆ 29.99 ಡಾಲರ್ ಇತ್ತು. ಅದರ ಮೇಲೆ 'ರಾ'ಗೆ ನೆಟ್‌ಫ್ಲಿಕ್ಸ್ ಬೇರೆ, 'ಸ್ಮ್ಯಾಕ್‌ಡೌನ್'ಗೆ ಕೇಬಲ್ ಬೇರೆ. ಅಷ್ಟನ್ನೂ ಕೊಡುವ ಅಭಿಮಾನಿ ಹಳಬ. ಹೊಸ ಹುಡುಗರು ಈ ಆಟಕ್ಕೆ ಎಲ್ಲಿಂದ ಬರುತ್ತಾರೆ?

ಈ ಪ್ರಶ್ನೆ ನಮ್ಮ ಊರಿಗೂ ಬಂದಿದೆ. ಭಾರತದಲ್ಲಿ 2002ರಿಂದ ಟೆನ್ ಸ್ಪೋರ್ಟ್ಸ್, ಆಮೇಲೆ ಅದನ್ನು ಕೊಂಡ ಸೋನಿ ಚಾನೆಲ್‌ಗಳಲ್ಲಿ ಈ ಕುಸ್ತಿ ಬರುತ್ತಿತ್ತು. ಕೇಬಲ್ ಇದ್ದ ಮನೆಯಲ್ಲೆಲ್ಲ, ಹೋಟೆಲ್‌ನಲ್ಲಿ, ಕಟಿಂಗ್ ಅಂಗಡಿಯಲ್ಲಿ ನೋಡುತ್ತಿದ್ದರು. ಹಿಂದಿ ವಿವರಣೆ ಇದ್ದದ್ದರಿಂದ ಈ ಭಾಗದಲ್ಲಿ ಯಾರಿಗೂ ತೊಡಕಿರಲಿಲ್ಲ. 2023ರ ಸೆಪ್ಟೆಂಬರ್ 8ಕ್ಕೆ ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಜಾನ್ ಸೀನಾ ಬಂದಾಗ ಬೀದರ, ಹುಮನಾಬಾದ, ಕಲಬುರಗಿಯಿಂದ ಹುಡುಗರು ಜಹೀರಾಬಾದ್ ಮೇಲೆ ಬಸ್ಸು, ಬೈಕು ಹತ್ತಿ ಹೋಗಿದ್ದರು. ಅವರಲ್ಲಿ ಟಿಕೆಟ್ ಸಿಗದೆ ಹೊರಗೇ ನಿಂತು ಬಂದವರೂ ಇದ್ದರು. ಅಂಥ ಅಭಿಮಾನ ಬೆಳೆದದ್ದು ಇಪ್ಪತ್ತು ವರ್ಷ ಕೇಬಲ್‌ನಲ್ಲಿ ಸುಲಭವಾಗಿ ಸಿಕ್ಕಿದ್ದರಿಂದ. 2025ರ ಏಪ್ರಿಲ್ 1ರಿಂದ ಎಲ್ಲವೂ ನೆಟ್‌ಫ್ಲಿಕ್ಸ್‌ಗೆ ಹೋಯಿತು. ಮೊಬೈಲಿಗೆ ಮಾತ್ರ ಎಂದರೂ ತಿಂಗಳಿಗೆ ₹149, ದೊಡ್ಡ ಪರದೆಗೆ ಇನ್ನೂ ಹೆಚ್ಚು. ಎಂ.ಎಸ್.ಕೆ. ಮಿಲ್ ಹತ್ತಿರದ ಆ ಮನೆಗೆ ಕಳೆದ ವರ್ಷ ಬೇರೆ ಕೆಲಸದ ಮೇಲೆ ಹೋಗಿದ್ದೆ. ಅಜ್ಜ ಇದ್ದಾರೆ. ಟಿವಿ ಇದೆ, ಡಬ್ಬಿಯೂ ಇದೆ. ಕುಸ್ತಿ ಇಲ್ಲ. ಮೊಮ್ಮಗ ತನ್ನ ಮೊಬೈಲಿನಲ್ಲಿ ಎರಡು ನಿಮಿಷದ ತುಣುಕು ತೋರಿಸುತ್ತಾನಂತೆ. "ಸಣ್ಣದು ಕಾಣ್ತದ, ಕಣ್ಣು ಉರಿತಾವ" ಎಂದರು. ಹಕ್ಕಿನ ಬೆಲೆ ಏರಿದ್ದರ ಒಂದು ಪರಿಣಾಮ ಇದು. ಯಾವ ಒಪ್ಪಂದದ ಪತ್ರದಲ್ಲೂ ಅಜ್ಜ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನನಗೆ ನೋವಿನ ಮಾತು.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ಮತ್ತೆ ತಾಲೀಮಿಗೆ ಹೋಗಿ ಉಸ್ತಾದರ ಮುಂದೆ ಕೂತೆ. ಒಂದೊಂದಾಗಿ ಹೇಳಿದೆ. ಗಂಜ್‌ನ ಉದಾಹರಣೆಗೆ ತಲೆಯಾಡಿಸಿದರು. ಅವರೂ ಎರಡು ಎಕರೆ ತೊಗರಿಯವರು. ಹುಡುಗನೊಬ್ಬ ಕೇಳಿದ, ನಮ್ಮ ಜಾತ್ರೆ ಕುಸ್ತಿಯನ್ನು ಯಾಕೆ ಯಾರೂ ಹೀಗೆ ಕೊಳ್ಳುವುದಿಲ್ಲ ಎಂದು. ಪ್ರಯತ್ನ ಆಗದೇ ಇಲ್ಲ. 2015ರಲ್ಲಿ ಪ್ರೊ ರೆಸ್ಲಿಂಗ್ ಲೀಗ್ ಎಂದು ನಿಜವಾದ ಕುಸ್ತಿಯ ಪಂದ್ಯಾವಳಿ ಶುರುವಾಗಿ ಒಲಿಂಪಿಕ್ಸ್ ಪೈಲ್ವಾನರನ್ನೆಲ್ಲ ಕರೆತಂದಿತ್ತು. ವರ್ಷಕ್ಕೆ ಎರಡು ಮೂರು ವಾರ ನಡೆದು, 2019ರ ನಂತರ ವರ್ಷಗಟ್ಟಲೆ ಸದ್ದಿಲ್ಲದೆ ಹೋಯಿತು. ಕಬಡ್ಡಿಗೆ ಮಾತ್ರ ಟಿವಿ ಒಲಿಯಿತು, ಐದು ವರ್ಷದ ಹಕ್ಕಿಗೆ 2021ರಲ್ಲಿ ₹908 ಕೋಟಿ ಬಂತು. ತಿಂಗಳುಗಟ್ಟಲೆ ಪ್ರತಿ ರಾತ್ರಿ ಹೇಳಿದ ಹೊತ್ತಿಗೆ ನಡೆಯುವ ಆಟವಾಗಿ ಅದನ್ನು ಕಟ್ಟಿದ್ದರು. ಜಾತ್ರೆಯ ಕುಸ್ತಿ ಊರಿನದು. ಮೈಲಾಪುರದ್ದು ಒಂದು ದಿನ, ಹುಮನಾಬಾದದ್ದು ಇನ್ನೊಂದು ದಿನ, ಪ್ರತಿ ಊರಿನ ದೇವರಿಗೂ ಅದರದೇ ತಿಥಿ. ಮಾರುವ ಒಬ್ಬ ಒಡೆಯ ಅದಕ್ಕೆ ಇಲ್ಲ. ಇರಬೇಕು ಎಂದು ನಾನು ಬಯಸುವುದೂ ಇಲ್ಲ.

ಉಸ್ತಾದರು ಅಷ್ಟು ಹೊತ್ತು ಕೇಳಿಸಿಕೊಂಡವರು ಒಂದೇ ಒಂದು ಕೇಳಿದರು. "ಅಷ್ಟು ರೊಕ್ಕದಾಗ ಬೀಳವ್ನಿಗೆ ಎಷ್ಟು ಸಿಗ್ತದ್ರಿ?"

ಉತ್ತರ ಹೇಳುವುದು ಕಷ್ಟವಾಯಿತು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಆಟದಿಂದ ಬರುವ ಆದಾಯದ ಹೆಚ್ಚುಕಡಿಮೆ ಅರ್ಧ ಆಟಗಾರರಿಗೆ ಸೇರಬೇಕು ಎಂದು ಅವರ ಸಂಘ ಒಪ್ಪಂದ ಮಾಡಿಕೊಂಡಿದೆ. ಪ್ರಸಾರದ ಹಕ್ಕು ದುಬಾರಿಯಾದರೆ ಅವರ ಪಾಲೂ ತಾನಾಗಿ ಏರುತ್ತದೆ. ಡಬ್ಲ್ಯುಡಬ್ಲ್ಯುಇ ಪೈಲ್ವಾನರಿಗೆ ಸಂಘವಿಲ್ಲ. ಕಂಪನಿಯ ಲೆಕ್ಕದಲ್ಲಿ ಅವರು ನೌಕರರೂ ಅಲ್ಲ, ಸ್ವತಂತ್ರ ಗುತ್ತಿಗೆದಾರರು. ಹೆಸರಾದ ನಾಲ್ಕಾರು ಮಂದಿಗೆ ಕೋಟಿಗಟ್ಟಲೆ ಸಿಗುತ್ತದೆ. ಉಳಿದವರು ತಂತಮ್ಮ ಕಾಗದದಲ್ಲಿ ಬರೆದಷ್ಟಕ್ಕೆ ದುಡಿಯುತ್ತಾರೆ. ಹಕ್ಕಿನ ಬೆಲೆ ಏರಿದರೆ ಇಷ್ಟು ಪಾಲು ನಿಮಗೆ ಎಂಬ ಸಾಮೂಹಿಕ ಒಪ್ಪಂದ ಯಾವುದೂ ಇಲ್ಲ. ಗೆಲುವು ಬರೆದಿಟ್ಟದ್ದಾದರೂ ಬೀಳುವುದು ಖರೆ. ಹಲಗೆಯ ಮೇಲೆ ಬೆನ್ನು ಬಡಿಯುವುದು ಖರೆ, ಮುರಿಯುವ ಕುತ್ತಿಗೆ, ಮೊಣಕಾಲು ಎಲ್ಲ ಖರೆ. ವರ್ಷದ 52 ವಾರವೂ ಕಾರ್ಯಕ್ರಮ ನಿಲ್ಲುವುದಿಲ್ಲ ಎಂಬ ಯಾವ ಗುಣಕ್ಕೆ ನೆಟ್‌ಫ್ಲಿಕ್ಸ್ ದುಡ್ಡು ಕೊಡುತ್ತಿದೆಯೋ ಆ ಗುಣ ಪೈಲ್ವಾನರ ಮೈಯಿಂದಲೇ ಬರುತ್ತಿದೆ.

ಇದನ್ನು ಹೇಳಿದಾಗ ಉಸ್ತಾದರು ಮಣ್ಣಿನ ಕಡೆ ನೋಡುತ್ತಿದ್ದರು. "ನಮ್ಮ ಜಾತ್ರ್ಯಾಗ ಬೆಳ್ಳಿ ಕಡಗ ಗೆದ್ದವ್ನಿಗೇ. ಆದ್ರ ಬಿದ್ದವ್ನಿಗೂ ದಾರಿ ಖರ್ಚು ಕೊಟ್ಟು, ಉಣಿಸಿಯೇ ಕಳಸ್ತೀವಿ" ಎಂದರು. ಆಮೇಲೆ ಹುಡುಗರಲ್ಲಿ ಇಬ್ಬರನ್ನು ಹೆಸರು ಹಿಡಿದು ಕರೆದರು. ಮೊಬೈಲು ಕಟ್ಟೆಯ ಮೇಲೆ ಬಿತ್ತು, ಇಬ್ಬರೂ ಒಂದೊಂದು ಹಿಡಿ ಮಣ್ಣು ಹಣೆಗೆ ಮುಟ್ಟಿಸಿಕೊಂಡು ಕಣಕ್ಕೆ ಇಳಿದರು.